ವಿನ್ಯಾಸ ಇತಿಹಾಸದ ಸಂಗ್ರಹಾಲಯಕ್ಕೆ ಲಾಂಛನ: ಗಂಡಭೇರುಂಡ ಬೇಡವೆಂದರೆ ಇನ್ನೇನು?

ಎಂಟನೇ ಅಡ್ಡರಸ್ತೆ

ನಮಸ್ಕಾರ. ಚಾಮರಾಜಪೇಟೆಯ ಒಂದು ಹಳೆಯ ಮನೆಯಲ್ಲಿ ವಿನ್ಯಾಸದ ಇತಿಹಾಸಕ್ಕೆಂದೇ ಸಂಗ್ರಹಾಲಯವೊಂದು ಬರಲಿದೆ. ನಡೆಸುವುದು ಸಣ್ಣ ಟ್ರಸ್ಟ್. ಲಾಂಛನದಿಂದ ಹಿಡಿದು ಟಿಕೆಟ್, ದಿಕ್ಕು ತೋರಿಸುವ ಫಲಕ, ವಸ್ತುಗಳ ಪಕ್ಕದ ವಿವರಚೀಟಿ, ಜಾಲತಾಣದವರೆಗೆ ಎಲ್ಲವೂ ಒಂದೇ ಮನೆತನದವು ಎಂದು ಕಾಣುವಂತೆ ರೂಪಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಣ ಕಡಿಮೆ, ಸಲಹೆ ಧಾರಾಳ.

ಸಂಗ್ರಹದಲ್ಲಿ ಏನೇನಿದೆ ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಚರ್ಚೆ ಗಾಳಿಯಲ್ಲಿ ನಡೆಯುತ್ತದೆ. ಎಚ್‌ಎಂಟಿ ಜನತಾ ಕೈಗಡಿಯಾರಗಳು, ದೂರವಾಣಿನಗರದ ಐಟಿಐ ಕಾರ್ಖಾನೆಯ ಬೆರಳು ಹಾಕಿ ತಿರುಗಿಸುವ ಕಪ್ಪು ಟೆಲಿಫೋನುಗಳು, ಮೈಸೂರು ಸ್ಯಾಂಡಲ್ ಸಾಬೂನಿನ ಹಳೆಯ ಪೆಟ್ಟಿಗೆಗಳು, ಚನ್ನಪಟ್ಟಣದ ಅರಗಿನ ಆಟಿಕೆಗಳು, ಒಂದು ಸಿಂಪ್ಯೂಟರ್ (ಬೆಂಗಳೂರಿನಲ್ಲೇ ರೂಪುಗೊಂಡ ಅಗ್ಗದ ಅಂಗೈ ಗಣಕ), ಮುಚ್ಚಿಹೋದ ಮುದ್ರಣಾಲಯದಿಂದ ಬಂದ ಅಚ್ಚುಮೊಳೆಯ ಪೆಟ್ಟಿಗೆಗಳು, ರಾಶಿ ರಾಶಿ ಮದುವೆ ಕಾಗದಗಳು. ಹೆಸರು ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ, ಆದರೆ ಅದರಲ್ಲಿ ‘ವಿನ್ಯಾಸ’ ಎಂಬ ಪದ ಇರುವುದು ಖಚಿತ.

ಟ್ರಸ್ಟಿನ ಹಿರಿಯರಲ್ಲಿ ಮೂರು ಪಂಗಡಗಳಿವೆ. ಒಂದು ಪಂಗಡಕ್ಕೆ ಗಂಡಭೇರುಂಡವೇ ಬೇಕು. ಸರ್ಕಾರದ ಲಾಂಛನದಲ್ಲಿ, ಕ್ಲಬ್ಬಿನ ಫಲಕದಲ್ಲಿ, ಸೀರೆಯ ಸೆರಗಿನಲ್ಲಿ, ಹೋಟೆಲಿನ ಊಟದ ಪಟ್ಟಿಯಲ್ಲಿ ಎಲ್ಲೆಲ್ಲೂ ಕುಳಿತಿರುವ ಆ ಹಕ್ಕಿಗೆ ಇನ್ನೊಂದು ಗೂಡು ಕಟ್ಟುವ ಉತ್ಸಾಹ ನನಗಿಲ್ಲ. ಎರಡನೆಯ ಪಂಗಡದವರು ಲಂಡನ್ನಿನ ವಿ ಆ್ಯಂಡ್ ಎ (ವಿಕ್ಟೋರಿಯಾ ಮತ್ತು ಆಲ್ಬರ್ಟ್) ಸಂಗ್ರಹಾಲಯ ನೋಡಿಕೊಂಡು ಬಂದವರು. ಅಲನ್ ಫ್ಲೆಚರ್ 1989ರಲ್ಲಿ ಮಾಡಿದ ಆ ಲಾಂಛನದಲ್ಲಿ ಎ ಅಕ್ಷರಕ್ಕೆ ಎಡಗಾಲೇ ಇಲ್ಲ. ನಡುವಿನ ‘&’ ಚಿಹ್ನೆಯೇ ಆ ಕೊರತೆಯನ್ನು ತುಂಬಿಕೊಡುತ್ತದೆ. ನಿಜಕ್ಕೂ ಅದ್ಭುತ ಕೆಲಸ. ಅದನ್ನು ಕಂಡು ಇವರಿಗೆ ವೃತ್ತದೊಳಗೆ ‘ವಿ’ ಬರೆಸುವ ಆಸೆ. ಬೆಂಗಳೂರಿನಲ್ಲಿ ಈಗ ವಿ ಎಂದರೆ ಜನ ಮೊಬೈಲ್ ಸಿಮ್ ಕೇಳುತ್ತಾರೆ ಎಂದೆ, ನಕ್ಕರು, ಒಪ್ಪಲಿಲ್ಲ. ಮೂರನೆಯ ಪಂಗಡಕ್ಕೆ ಆ ಮನೆಯ ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಚಾವಣಿಯಂತಿರುವ ಮಂಕಿಟಾಪ್‌ನ ರೇಖಾಚಿತ್ರ ಬೇಕು. ಮನೆ ಬಾಡಿಗೆಯದು. ಕರಾರು ಮುಗಿದ ಮೇಲೆ ಲಾಂಛನವನ್ನು ಮಾಲೀಕರಿಗೆ ಒಪ್ಪಿಸಿ ಬರುವುದೇ?

ನನ್ನ ಯೋಚನೆ ಹೀಗಿದೆ. ‘ವಿನ್ಯಾಸ’ ಎಂದು ಬರೆದರೆ ನಡುವೆ ನ್ಯಾ ಬರುತ್ತದೆ. ಅದರ ಯಒತ್ತು ನಕಾರದ ಕೆಳಗಿಳಿದು, ಬಲಕ್ಕೆ ಸರಿದು, ಕೊಕ್ಕೆಯಂತೆ ಮೇಲೇಳುತ್ತದೆ. ಆ ಕೊಕ್ಕೆಯನ್ನು ಉದ್ದಕ್ಕೆ ಎಳೆದು, ಪದದ ಕೆಳಗೆ ಒಂದು ಅಡಿಗೆರೆಯಾಗುವಂತೆ ಬಿಟ್ಟರೆ? ಆ ಗೆರೆಯೇ ಮುಂದೆ ವಿವರಚೀಟಿಯಲ್ಲಿ, ಟಿಕೆಟಿನಲ್ಲಿ, ಗೋಡೆಯ ಮೇಲೆ ಮತ್ತೆ ಮತ್ತೆ ಬರಬಹುದು. ಕಾಗದದ ಮೇಲೆ ಬರೆದು ನೋಡಿದೆ, ಚೆನ್ನಾಗಿಯೇ ಕಂಡಿತು. ಆದರೆ ನನ್ನ ಕೈ ಪಳಗಿರುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಕನ್ನಡದ ಒತ್ತಕ್ಷರವನ್ನು ಹೀಗೆ ಎಳೆದಾಡುವುದು ಸರಿಯೇ? ಬೇರೆ ಅಕ್ಷರವಾಗಿ ಓದಿಸಿಕೊಳ್ಳುವ ಅಪಾಯ ಇದೆಯೇ? ಜೊತೆಗೆ ಇನ್ನೊಂದು ಪ್ರಶ್ನೆ: ಇದಕ್ಕೆಂದೇ ಅಕ್ಷರಶೈಲಿ ಮಾಡಿಸುವ ಶಕ್ತಿ ಟ್ರಸ್ಟಿಗಿಲ್ಲ. ಉಚಿತವಾಗಿ ಸಿಗುವ ಕನ್ನಡ ಫಾಂಟುಗಳಲ್ಲಿ ಚೀಟಿಗೂ ಗೋಡೆಗೂ ಆಗುವಂಥದು ಯಾವುದು?

ಕೆಂಪು ಹಳದಿ ಬಣ್ಣ, ರೆಡ್ ಆಕ್ಸೈಡ್ ನೆಲದ ಬಣ್ಣ, ಟಬೂಬಿಯಾ ಹೂವಿನ ಗುಲಾಬಿ ಬಣ್ಣ, ಈ ಮೂರರ ಸಲಹೆಗಳು ಈಗಾಗಲೇ ಬಂದಿವೆ. ದಯವಿಟ್ಟು ಬೇರೆ ಹೇಳಿ.

ತಲೆಕಟ್ಟು

ಪ್ರಶ್ನೆ ಚೆನ್ನಾಗಿದೆ. ಫಾಂಟ್ ಮಾಡುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಉತ್ತರ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಒತ್ತನ್ನು ಎಳೆಯಬಹುದೇ? ಧಾರಾಳವಾಗಿ. ಕೈಬರಹದಲ್ಲಿ ನಮ್ಮ ಹಿರಿಯರು ಎಳೆಯದ ಒತ್ತಿಲ್ಲ. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ 1843ರಲ್ಲಿ ಬಂದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚಿನಲ್ಲಿ ಬರೆದ ಕೈಯ ಓಟ ಹಾಗೆಯೇ ಕಾಗದಕ್ಕೆ ಇಳಿಯುತ್ತದೆ. ಒತ್ತು ಎಲ್ಲಿಗೆ ಬೇಕಾದರೂ ಹೋಗಬಹುದು. ಸೀಸದ ಮೊಳೆ ಬಂದಾಗ ಕಥೆ ಬೇರೆಯಾಯಿತು. ಒತ್ತು ತಾನೇ ಒಂದು ಮೊಳೆ, ಅದಕ್ಕೆ ತನ್ನದೇ ಅಗಲ ಬೇಕು. ಹಾಗಾಗಿ ತಾಯಕ್ಷರದ ನೇರ ಕೆಳಗೆ ಕೂರಬೇಕಾದದ್ದು ಬಲಗಡೆಗೆ ಸರಿದು, ಕುಗ್ಗಿ ಕೂತಿತು. ಅನಂತ ಸುಬ್ಬರಾಯರ ಕನ್ನಡ ಬೆರಳಚ್ಚು ಯಂತ್ರದಲ್ಲೂ ಇದೇ ಪಾಡು. ನಮ್ಮ ಕಣ್ಣು ಆ ಸರಿದ ಒತ್ತಿಗೆ ಎಷ್ಟು ಒಗ್ಗಿದೆಯೆಂದರೆ, ಇಂದಿನ ಫಾಂಟುಗಳು ಒತ್ತನ್ನು ನೇರ ಕೆಳಗೆ ಕೂರಿಸಿದರೆ ‘ಏನೋ ತೆಲುಗಿನ ಹಾಗಿದೆ’ ಎನ್ನುವವರಿದ್ದಾರೆ. ನಿಮ್ಮ ಸಂಗ್ರಹದಲ್ಲಿ ಮೊಳೆಯ ಪೆಟ್ಟಿಗೆಗಳೇ ಇವೆಯಲ್ಲ, ಯಒತ್ತಿನ ಮನೆಯಿಂದ ಒಂದು ಮೊಳೆ ತೆಗೆದು ಭೂತಗನ್ನಡಿಯಲ್ಲಿ ನೋಡಿ. ಕೊಕ್ಕೆಯ ಬಾಲ ಮೊಳೆಯ ಅಂಚಿಗೆ ತಾಗುವ ಕಡೆ ಎಷ್ಟು ಬೇಗ ಕತ್ತರಿಸಿ ನಿಲ್ಲಿಸಿದ್ದಾರೆ ಎಂಬುದು ಗೊತ್ತಾಗುತ್ತದೆ. ನೀವು ಎಳೆಯಲು ಹೊರಟಿರುವುದು ಆ ಕತ್ತರಿಸಿದ ಬಾಲವನ್ನು. ಟ್ರಸ್ಟಿನ ಸಭೆಯಲ್ಲಿ ಗಂಡಭೇರುಂಡದ ಎದುರು ನಿಲ್ಲಲು ಈ ಒಂದು ಮಾತು ಸಾಕು.

ಇನ್ನು ಅಪಾಯಗಳು. ಯಒತ್ತಿನ ಬಾಲವನ್ನು ಎಡಕ್ಕೆ, ಅಂದರೆ ವಿ ಕೆಳಗೆ ಎಳೆಯಬೇಡಿ. ವಕಾರಕ್ಕೂ ಒಂದು ಒತ್ತು ಅಂಟಿದಂತೆ ಕಂಡು ಓದು ಎಡವುತ್ತದೆ. ಬಲಕ್ಕೆ ಎಳೆದರೆ ಸಕಾರದ ಕೆಳಗೆ ಹೋಗುತ್ತದೆ. ಅಲ್ಲಿ ಗೆರೆ ನೇರವಾಗಿ, ಅಕ್ಷರಕ್ಕೆ ತಾಗದೆ, ಅಕ್ಷರದ ದಪ್ಪಕ್ಕಿಂತ ತೆಳುವಾಗಿ ಇರಲಿ. ಕೊಕ್ಕೆಯ ತುದಿ ಮೇಲೇಳಬೇಕಲ್ಲವೇ? ಅದು ಸಕಾರ ಮುಗಿದ ನಂತರ ಏಳಲಿ. ಸಕಾರದ ಹೊಟ್ಟೆಯ ಕೆಳಗೇ ಎದ್ದರೆ ಸ್ಯ ಆಗಿಬಿಡುತ್ತದೆ.

ಬರೀ ಒತ್ತನ್ನು ಲಾಂಛನವಾಗಿ ಬಳಸುವ ಆಸೆ ಮುಂದೆ ಬಂದೇ ಬರುತ್ತದೆ, ಮೊಬೈಲ್ ಆ್ಯಪಿನ ಚಿಕ್ಕ ಚೌಕಕ್ಕೆ ಏನಾದರೂ ಬೇಕಾಗುತ್ತದೆ. ತಾಯಕ್ಷರವಿಲ್ಲದ ಒತ್ತನ್ನು ಗಣಕದಲ್ಲಿ ಟೈಪಿಸಿ ನೋಡಿ: ಗಣಕ ಅದರ ಮೇಲೆ ಚುಕ್ಕಿಗಳ ಒಂದು ವೃತ್ತ ಮೂಡಿಸುತ್ತದೆ, ‘ಇಲ್ಲೊಂದು ಅಕ್ಷರ ಇರಬೇಕಿತ್ತು’ ಎಂಬಂತೆ. ನನಗಂತೂ ಆ ಚುಕ್ಕಿ ವೃತ್ತದ ಮೇಲೆ ವಿಶೇಷ ಪ್ರೀತಿ. ಅದನ್ನೇ ಬಳಸಿ ಎಂದು ಹೇಳುತ್ತಿಲ್ಲ, ಆದರೆ ಖಾಲಿ ಜಾಗವನ್ನು ತೋರಿಸಲು ನಮ್ಮ ಲಿಪಿಗೆ ಸಿದ್ಧವಾದ ಒಂದು ಚಿಹ್ನೆ ಇದೆ ಎಂಬುದು ತಲೆಯಲ್ಲಿರಲಿ.

ಫಾಂಟಿನ ವಿಷಯ. ಅನೇಕ್ ಕನ್ನಡ ನೋಡಿ. 2022ರಲ್ಲಿ ಏಕ್ ಟೈಪ್ ತಂಡದವರು ಬಿಟ್ಟದ್ದು. ಒಂದೇ ಕಡತದಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹಿಗ್ಗಿಸಿ ಕುಗ್ಗಿಸಬಹುದು, ಅದಕ್ಕೆ ಹೊಂದುವ ಇಂಗ್ಲಿಷ್ ಅಕ್ಷರಗಳೂ ಇವೆ. ಗೋಡೆಗೆ, ದಿಕ್ಸೂಚಿ ಫಲಕಕ್ಕೆ ಸರಿಹೋಗುತ್ತದೆ. ಉದ್ದದ ಬರಹಕ್ಕೆ ಟಿರೋ ಕನ್ನಡ ಅಥವಾ ನೋಟೋ ಸೆರಿಫ್ ಕನ್ನಡ. ಬಲೂ ತಮ್ಮ ಮುದ್ದಾಗಿದೆ, ಆದರೆ ಊರಿನ ಅರ್ಧ ತಿಂಡಿ ಅಂಗಡಿಗಳು ಅದನ್ನೇ ಹಾಕಿಕೊಂಡಿವೆ. ನ್ಯೂಯಾರ್ಕಿನ ಕೂಪರ್ ಹೆವಿಟ್ ವಿನ್ಯಾಸ ಸಂಗ್ರಹಾಲಯ 2014ರಲ್ಲಿ ತನಗಾಗಿ ಮಾಡಿಸಿಕೊಂಡ ಅಕ್ಷರಶೈಲಿಯನ್ನು ಯಾರು ಬೇಕಾದರೂ ಬಳಸಲಿ ಎಂದು ಉಚಿತವಾಗಿ ಬಿಟ್ಟುಬಿಟ್ಟಿತು. ಹಣ ಬಂದ ದಿನ ನಿಮ್ಮ ಟ್ರಸ್ಟಿನ ಕಿವಿಗೂ ಈ ಮಾತು ಹಾಕಿ.

ಕೊನೆಯದಾಗಿ ಸಾಲಿನ ಅಂತರ. ಇಂಗ್ಲಿಷ್ ವಿನ್ಯಾಸಕಾರರು ಕನ್ನಡಕ್ಕೆ ಮಾಡುವ ದೊಡ್ಡ ಅನ್ಯಾಯ ಅಲ್ಲೇ ಇದೆ. ಮೇಲಿನ ಸಾಲಿನ ಒತ್ತೂ ಕೆಳಗಿನ ಸಾಲಿನ ಗುಡಿಸೂ ಡಿಕ್ಕಿ ಹೊಡೆಯುತ್ತವೆ. ಇಂಗ್ಲಿಷಿನ 20 ಪಾಯಿಂಟ್ ಅಕ್ಷರಕ್ಕೆ 26 ಪಾಯಿಂಟ್ ಸಾಲು ಕೊಟ್ಟಿದ್ದರೆ ಕನ್ನಡಕ್ಕೆ ಕನಿಷ್ಠ 30 ಕೊಡಿ. ಚೀಟಿಯ ಅಳತೆಯನ್ನು ಕನ್ನಡದಿಂದ ಶುರು ಮಾಡಿ, ಇಂಗ್ಲಿಷ್ ಆಮೇಲೆ ತಾನಾಗಿ ಹೊಂದಿಕೊಳ್ಳುತ್ತದೆ.

ಬೋರ್ಡ್ ಅಂಗಡಿ

ಮೇಡಂ, ನಾವು ನಾಮಫಲಕ ಮಾಡುವವರು. ಮೇಲಿನವರು ಶಾಸ್ತ್ರ ಹೇಳಿದರು, ನಾನು ಅಂಗಡಿಯ ಮಾತು ಹೇಳುತ್ತೇನೆ.

2024ರ ತಿದ್ದುಪಡಿ ಕಾಯ್ದೆಯ ಪ್ರಕಾರ ನಾಮಫಲಕದಲ್ಲಿ ಶೇಕಡ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಇಂಗ್ಲಿಷನ್ನು ದೊಡ್ಡದಾಗಿ ಬರೆದು ಕನ್ನಡವನ್ನು ಮೂಲೆಗೆ ಅಂಟಿಸುವ ವಿನ್ಯಾಸಗಳು ಆಮೇಲೆ ನಮ್ಮ ಬಳಿ ತಿದ್ದಿಸಲು ಬರುತ್ತವೆ. ನೀವು ಕನ್ನಡದಿಂದಲೇ ಶುರು ಮಾಡುತ್ತಿರುವುದರಿಂದ ಆ ಖರ್ಚು ಉಳಿಯಿತು. ಆದರೆ ಲಾಂಛನವನ್ನು ಎರಡು ಭಾಷೆಗೂ ಅಕ್ಕಪಕ್ಕ ಒಂದೇ ಸಾಲಿನಲ್ಲಿ ಇಡಬೇಡಿ, ಮೇಲೆ ಕೆಳಗೆ ಇರುವ ರೂಪವೂ ಒಂದಿರಲಿ.

ಎರಡನೆಯದು, ಬಿಡಿ ಅಕ್ಷರ. ಸ್ಟೀಲಿನಲ್ಲೋ ಅಕ್ರಿಲಿಕ್ಕಿನಲ್ಲೋ ಕತ್ತರಿಸಿ ಗೋಡೆಗೆ ಮೊಳೆ ಹೊಡೆದು ನಿಲ್ಲಿಸುವ ಅಕ್ಷರಗಳಲ್ಲಿ ಕನ್ನಡದ ತುಂಡುಗಳೇ ತಲೆನೋವು. ರಕಾರ ಒಂದೇ ತುಂಡು, ಸುಖ. ಠಕಾರದ ನಡುವಿನ ಚುಕ್ಕಿಗೆ ಬೇರೆ ಪಿನ್ನು ಬೇಕು. ಒತ್ತುಗಳೂ ಬೇರೆ ತುಂಡುಗಳೇ. ಅಂಟು ಸೋತಾಗ ಮೊದಲು ಉದುರುವುದು ಒತ್ತು. ಬೆಂಗಳೂರಿನ ಅರ್ಧ ಬೋರ್ಡುಗಳಲ್ಲಿ ಕಾಗುಣಿತ ತಪ್ಪಲು ಬರೆದವರಿಗಿಂತ ಬಿಸಿಲೇ ಹೆಚ್ಚು ಕಾರಣ. ನಿಮ್ಮ ಯಒತ್ತು ಉದ್ದದ ಗೆರೆಯಾಗಿ ಓಡುತ್ತದೆ ಎಂದರೆ ನಮಗೆ ಸಂತೋಷ. ಸಾಲಾಗಿ ಪಿನ್ನು ಹೊಡೆದು ಗಟ್ಟಿಯಾಗಿ ನಿಲ್ಲಿಸಬಹುದು. ಗೆರೆಯ ದಪ್ಪ ಮಾತ್ರ ತೀರಾ ತೆಳುವಾಗದಿರಲಿ, ಒಳಗೆ ಎಲ್‌ಇಡಿ ಪಟ್ಟಿ ಹೋಗಬೇಕೆಂದರೆ ಜಾಗ ಬೇಕು. ಗೆರೆಗೆ ಬೆಳಕು ಬೇಡ, ಅಕ್ಷರಕ್ಕೆ ಸಾಕು ಎಂದರೆ ಇನ್ನೂ ಅಗ್ಗ.

ದಾಖಲೆ ಕೋಣೆ

ನಾನು ಸಂಗ್ರಹಾಲಯವೊಂದರ ದಾಖಲೆ ವಿಭಾಗದಲ್ಲಿದ್ದೇನೆ. ಲಾಂಛನದ ಚರ್ಚೆಗೆ ನೀವೆಲ್ಲ ಇಷ್ಟು ಬೆವರು ಸುರಿಸುವುದನ್ನು ನೋಡಿ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಬರುವ ಜನ ಲಾಂಛನವನ್ನು ಬಾಗಿಲಲ್ಲಿ ಒಮ್ಮೆ ನೋಡುತ್ತಾರೆ, ಟಿಕೆಟಿನಲ್ಲಿ ಒಮ್ಮೆ. ಆಮೇಲೆ ಒಳಗೆ ಇರುವಷ್ಟು ಹೊತ್ತೂ ನೋಡುವುದು ವಿವರಚೀಟಿಯನ್ನು. ಆದರೆ ಚೀಟಿಯನ್ನು ಮಾತ್ರ ಉದ್ಘಾಟನೆಯ ಹಿಂದಿನ ರಾತ್ರಿ ಯಾರೋ ಒಬ್ಬ ಕಿರಿಯ ಸಹಾಯಕ, ಗಣಕದಲ್ಲಿ ಯಾವ ಫಾಂಟ್ ಮೊದಲು ಸಿಕ್ಕಿತೋ ಅದರಲ್ಲಿ ಟೈಪಿಸಿ, ಫೋಮ್ ಹಲಗೆಗೆ ಅಂಟಿಸಿ ಇಡುತ್ತಾನೆ. ಹಾಗಾಗಿ ನನ್ನ ಸಲಹೆ: ಮೊದಲು ಚೀಟಿಯನ್ನು ವಿನ್ಯಾಸ ಮಾಡಿ, ಅದರಿಂದ ಲಾಂಛನವನ್ನು ಹುಟ್ಟಿಸಿ.

ನಿಮ್ಮದು ವಿನ್ಯಾಸ ಇತಿಹಾಸದ ಸಂಗ್ರಹಾಲಯ. ಚಿತ್ರಕಲೆಯ ಗ್ಯಾಲರಿಯಲ್ಲಿ ಚೀಟಿ ಸುಲಭ: ಕಲಾವಿದರ ಹೆಸರು, ಕೃತಿ, ವರ್ಷ, ಮಾಧ್ಯಮ. ನಿಮ್ಮಲ್ಲಿ ಅದು ನಡೆಯುವುದಿಲ್ಲ. ಜನತಾ ಗಡಿಯಾರವನ್ನೇ ತೆಗೆದುಕೊಳ್ಳಿ. ಚೀಟಿ ಹೀಗೆ ಬರಬಹುದು:

ಜನತಾ, ಕೈಗಡಿಯಾರ
ತಯಾರಿ: ಎಚ್‌ಎಂಟಿ
ಕೀ ಕೊಡುವ ಗಡಿಯಾರ, 17 ಜ್ಯುವೆಲ್
ವಿನ್ಯಾಸ: ____________

ಆ ಕೊನೆಯ ಸಾಲಿನಲ್ಲಿ ಏನು ಬರೆಯುತ್ತೀರಿ? ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆ ಶುರು ಮಾಡಿತು ಎಂಬುದು ದಾಖಲೆಯಲ್ಲಿದೆ. ಆದರೆ ನಿಮ್ಮ ಕೈಯಲ್ಲಿರುವ ಆ ಡಯಲಿನ ಮೇಲೆ ಅಂಕಿಗಳನ್ನು ಬರೆದ ಕೈ ಯಾರದು? ಚನ್ನಪಟ್ಟಣದ ಆಟಿಕೆಗೆ ಹಾಲೆಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿದವರು ಯಾರು? ಆ ಮದುವೆ ಕಾಗದದ ಗಣಪತಿಯ ಬ್ಲಾಕ್ ಕೊರೆದವರು? ಮೈಸೂರು ಸ್ಯಾಂಡಲ್ ಸಾಬೂನಿನ ಮಟ್ಟಿಗೆ ನಮ್ಮ ಅದೃಷ್ಟ: ಆನೆಯ ತಲೆ, ಸಿಂಹದ ಮೈ ಇರುವ ಆ ಶರಭ ಲಾಂಛನದ ಜೊತೆ ಎಸ್.ಜಿ. ಶಾಸ್ತ್ರಿಯವರ ಹೆಸರು ಉಳಿದುಕೊಂಡಿದೆ. ಹೆಚ್ಚಿನ ವಸ್ತುಗಳಿಗೆ ಆ ಭಾಗ್ಯವಿಲ್ಲ.

ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ತಂಬಿಗೆಯನ್ನು ಹಾಡಿ ಹೊಗಳಿದ್ದಾರೆ. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ ಹುಟ್ಟಿತು. ತಂಬಿಗೆಯನ್ನು ಯಾವ ಒಬ್ಬನೂ ರೂಪಿಸಿದ್ದಲ್ಲ, ತಲೆಮಾರುಗಳ ಕೈಗಳು ಸೇರಿ ರೂಪಿಸಿದ್ದು ಎಂಬುದೇ ಅವರ ಹೊಗಳಿಕೆಯ ತಿರುಳು. ಸ್ವಾರಸ್ಯವೆಂದರೆ, ಅದೇ ಎನ್‌ಐಡಿಯ ಲಾಂಛನವನ್ನು ಮಾಡಿದವರ ಹೆಸರು ಎಲ್ಲರಿಗೂ ಗೊತ್ತು, ಸ್ವಿಟ್ಜರ್ಲೆಂಡಿನ ಏಡ್ರಿಯನ್ ಫ್ರುಟಿಗರ್.

ಆದ್ದರಿಂದ ‘ವಿನ್ಯಾಸ’ ಎಂಬ ಸಾಲು ನಿಮ್ಮ ಪ್ರತಿಯೊಂದು ಚೀಟಿಯಲ್ಲೂ ಇರಲಿ. ಹೆಸರು ಗೊತ್ತಿದ್ದರೆ ಗೆರೆಯ ಮೇಲೆ ಹೆಸರು. ಗೊತ್ತಿಲ್ಲದಿದ್ದರೆ ಬರೀ ಗೆರೆ. ‘ಅಜ್ಞಾತ’ ಎಂದು ಬರೆದು ಮುಚ್ಚಿಹಾಕಬೇಡಿ. ಕೊನೆಯ ಸಾಲಿನಲ್ಲಿ ಆ ಪದವನ್ನು ಮುದ್ರಿಸಿದರೆ ಹುಡುಕುವ ಕೆಲಸವೂ ಅಲ್ಲಿಗೆ ನಿಲ್ಲುತ್ತದೆ. ಗೆರೆ ಖಾಲಿ ಇದ್ದರೆ ನೋಡಿದವರಲ್ಲಿ ಯಾರಾದರೂ ‘ಇದನ್ನು ನಮ್ಮ ತಾತ ಮಾಡುತ್ತಿದ್ದರು’ ಎಂದು ಬರಬಹುದು. ಮತ್ತು ಆ ಗೆರೆ ನಿಮ್ಮ ಯಒತ್ತಿನ ಬಾಲವೇ ಆಗಿರಲಿ. ಆಗ ಅದು ಅಲಂಕಾರವಾಗಿ ಉಳಿಯದೆ ಕೆಲಸಕ್ಕೆ ಬರುತ್ತದೆ.

ಒಂದು ಸಣ್ಣ ಎಚ್ಚರಿಕೆ. ವಸ್ತುಗಳ ನೋಂದಣಿ ಸಂಖ್ಯೆಗೆ ಕನ್ನಡ ಅಂಕಿ ಬಳಸುವ ಉಮೇದು ಬಂದರೆ ಗೋಡೆಯ ಮೇಲೆ ಬಳಸಿ, ಚೀಟಿಯಲ್ಲಿ ಬೇಡ. ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ. ಟೈಪಿಸುವವರು ಒಂದರ ಬದಲು ಇನ್ನೊಂದನ್ನು ಹಾಕಿದರೆ ಹುಡುಕಾಟದಲ್ಲಿ ಆ ವಸ್ತು ಸಿಗುವುದೇ ಇಲ್ಲ. ೬ ಮತ್ತು ೯ ಸಣ್ಣ ಅಕ್ಷರದಲ್ಲಿ ಅಣ್ಣ ತಮ್ಮಂದಿರು.

ಜಾಲಹಳ್ಳಿ ನಿವೃತ್ತ

ನಾನು ಗಡಿಯಾರದ ಡಯಲ್ ಮುದ್ರಣದ ಕೆಲಸದಲ್ಲಿದ್ದವನು. ಈಗ ಮೊಮ್ಮಕ್ಕಳಿಗೆ ಹಳೆಯ ಗಡಿಯಾರ ಬಿಚ್ಚಿ ತೋರಿಸುವುದೇ ಉದ್ಯೋಗ. ಮೇಲಿನ ಖಾಲಿ ಗೆರೆ ನೋಡಿ ಮನಸ್ಸಿಗೆ ಏನೋ ಆಯಿತು, ಆದರೆ ಅದನ್ನು ಬಿಡಿ, ಕೆಲಸದ ಮಾತಿಗೆ ಬರುತ್ತೇನೆ.

ಡಯಲಿನ ಮೇಲೆ ಅಕ್ಷರ ಮೂಡಿಸುವುದು ಹೀಗೆ: ಲೋಹದ ತಟ್ಟೆಯಲ್ಲಿ ಅಕ್ಷರವನ್ನು ಕೂದಲೆಳೆಯಷ್ಟು ಆಳಕ್ಕೆ ಕೊರೆದಿರುತ್ತದೆ. ಅದಕ್ಕೆ ಶಾಯಿ ಬಳಿದು ಮೇಲ್ಮೈ ಒರೆಸಿದರೆ ಶಾಯಿ ಗುಳಿಯಲ್ಲಿ ಮಾತ್ರ ಉಳಿಯುತ್ತದೆ. ಮೆತ್ತನೆಯ ಉಂಡೆಯೊಂದು ಬಂದು ಒತ್ತಿ, ಆ ಶಾಯಿಯನ್ನು ಎತ್ತಿಕೊಂಡು ಹೋಗಿ ಡಯಲಿನ ಮೇಲೆ ಇಳಿಸುತ್ತದೆ. ಶಾಯಿ ತುಸು ತೆಳುವಾದರೆ ಅಕ್ಷರದ ಸಂದುಗಳು ಮುಚ್ಚಿಕೊಳ್ಳುತ್ತವೆ, ಗಟ್ಟಿಯಾದರೆ ಉಂಡೆ ಅದನ್ನು ಪೂರ್ತಿ ಎತ್ತುವುದಿಲ್ಲ. ಜನತಾ ಡಯಲಿನಲ್ಲಿ ನಾಗರಿ ಅಕ್ಷರ ಇರುತ್ತದೆ, ಮೇಲಿನ ಗೆರೆ ಎಲ್ಲವನ್ನೂ ಹಿಡಿದುಕೊಂಡಿರುವುದರಿಂದ ನೋಡಲು ಗಟ್ಟಿ. ಕನ್ನಡದಲ್ಲಿ ವಿ ಮತ್ತು ಪಿ ನಡುವೆ ಇರುವುದು ಒಂದು ಸಣ್ಣ ಸಂದು ಮಾತ್ರ. ಅಲ್ಲಿ ಶಾಯಿ ಸರಿಯಾಗಿ ಕೂರದಿದ್ದರೆ ನಿಮ್ಮ ಸಂಗ್ರಹಾಲಯದ ಹೆಸರೇ ಬದಲಾಗುತ್ತದೆ. ನೀವು ಮಾಡುವ ಲಾಂಛನವನ್ನು ಎರಡು ಮಿಲಿಮೀಟರಿಗೆ ಇಳಿಸಿ, ಮುದ್ರಿಸಿ, ಕನ್ನಡಕ ತೆಗೆದು ನೋಡಿ. ನಿಂತರೆ ಎಲ್ಲಿಯೂ ನಿಲ್ಲುತ್ತದೆ.

ಆದರೆ ಒಂದು ತಕರಾರು ಇದೆ. ನೀವು ಗಂಡಭೇರುಂಡವನ್ನು ಅಷ್ಟು ಹಗುರವಾಗಿ ತಳ್ಳಿಹಾಕಬೇಡಿ, ತಾಯಿ. ನೂರು ವರ್ಷಗಳಿಂದ ಶರಭ ನಿಂತಿಲ್ಲವೇ? ಜನರಿಗೆ ಪ್ರಾಣಿ ಪಕ್ಷಿ ನೆನಪಿರುತ್ತದೆ, ಒತ್ತು ನೆನಪಿರುವುದಿಲ್ಲ. ನಮ್ಮ ಮನೆಯ ಕೆಲಸದಾಕೆಗೆ ಅಕ್ಷರ ಬಾರದು, ಅಂಗಡಿಯಲ್ಲಿ ‘ಆನೆ ಮೂತಿಯ ಸೋಪು’ ಎಂದು ಕೇಳಿ ತರುತ್ತಾಳೆ. ನಿಮ್ಮ ಗೆರೆಯನ್ನು ಅವಳು ಏನೆಂದು ಕೇಳಬೇಕು?

ಎಂಟನೇ ಅಡ್ಡರಸ್ತೆ

ಎಲ್ಲರಿಗೂ ಧನ್ಯವಾದ. ಒಬ್ಬೊಬ್ಬರಿಗೇ ಉತ್ತರಿಸುತ್ತೇನೆ.

ಜಾಲಹಳ್ಳಿಯ ಹಿರಿಯರೇ, ನಿಮ್ಮ ತಕರಾರು ನ್ಯಾಯವಾದದ್ದು. ಶರಭ ನಿಂತದ್ದು ಅದು ಇನ್ನಾರದೂ ಆಗಿರಲಿಲ್ಲ ಎಂಬ ಕಾರಣಕ್ಕೆ ಎಂದು ನನಗನ್ನಿಸುತ್ತದೆ. ಗಂಡಭೇರುಂಡ ಎಲ್ಲರದೂ ಆಗಿಬಿಟ್ಟಿದೆ. ಅಕ್ಷರ ಬಾರದವರ ವಿಷಯಕ್ಕೆ ಮಾತ್ರ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ಸದ್ಯಕ್ಕೆ ಒಂದು ದಾರಿ ಕಂಡಿದೆ. ಗೆರೆ ಯಾವಾಗಲೂ ಖಾಲಿ ಇರಬೇಕಿಲ್ಲವಲ್ಲ. ಟಿಕೆಟಿನಲ್ಲಿ, ಕೈಚೀಲದಲ್ಲಿ, ಬಾಗಿಲ ಬಳಿ ಆ ಗೆರೆಯ ಮೇಲೆ ಸಂಗ್ರಹದ ಒಂದೊಂದು ವಸ್ತುವನ್ನು ಕೂರಿಸುತ್ತೇನೆ: ಒಮ್ಮೆ ಟೆಲಿಫೋನು, ಒಮ್ಮೆ ಬುಗುರಿ, ಒಮ್ಮೆ ಅಚ್ಚುಮೊಳೆ. ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದವರು 2013ರಲ್ಲಿ ಮಾಡಿಸಿದ ತೆಳು ಗೆರೆಯ ಡಬ್ಲ್ಯು ಅಕ್ಷರ, ಪಕ್ಕದಲ್ಲಿರುವ ಚಿತ್ರಕ್ಕೂ ಜಾಗಕ್ಕೂ ತಕ್ಕಂತೆ ಬಾಗಿ ಹಿಗ್ಗುತ್ತದೆ. ನಮ್ಮ ಗೆರೆ ಬಾಗುವುದಿಲ್ಲ, ಕಪಾಟಿನ ಹಲಗೆಯಂತೆ ಸುಮ್ಮನೆ ಹೊರುತ್ತದೆ. ನಿಮ್ಮ ಮನೆಯ ಕೆಲಸದಾಕೆ ‘ಫೋನು ಇಟ್ಟಿರುವ ಮ್ಯೂಸಿಯಂ’ ಎಂದರೆ ನನಗೆ ಸಾಕು.

ಎರಡು ಮಿಲಿಮೀಟರ್ ಪರೀಕ್ಷೆ ಮಾಡಿದೆ. ವಿ ಉಳಿಯಿತು, ನ್ಯಾದ ನಡುಭಾಗ ಕಪ್ಪು ಮುದ್ದೆಯಾಯಿತು. ನಕಾರಕ್ಕೂ ಒತ್ತಿಗೂ ನಡುವೆ ಸಂದು ಹೆಚ್ಚಿಸಿದ ಮೇಲೆ ತೆರೆದುಕೊಂಡಿತು. ಈಗ ಸಣ್ಣ ಅಳತೆಗೆ ಬೇರೆ, ದೊಡ್ಡ ಅಳತೆಗೆ ಬೇರೆ, ಹೀಗೆ ಎರಡು ಚಿತ್ರಗಳಿವೆ.

ದಾಖಲೆ ಕೋಣೆಯವರೇ, ನಿಮ್ಮ ಚೀಟಿಯನ್ನು ಹಾಗೆಯೇ ಅಚ್ಚು ಹಾಕಿಸಿ ಸಭೆಗೆ ಒಯ್ದೆ. ಲಾಂಛನ ತೋರಿಸಲಿಲ್ಲ, ಬರೀ ಚೀಟಿಗಳನ್ನು ವಸ್ತುಗಳ ಪಕ್ಕ ಇಟ್ಟೆ. ಖಾಲಿ ಗೆರೆಗಳನ್ನು ನೋಡಿ ಒಬ್ಬರು ‘ಇದೇನು, ಕೆಲಸ ಅರ್ಧಕ್ಕೇ ನಿಲ್ಲಿಸಿದ್ದೀರಿ?’ ಎಂದರು. ವೃತ್ತದೊಳಗಿನ ‘ವಿ’ ಪಂಗಡದ ಹಿರಿಯರೊಬ್ಬರು ಮದುವೆ ಕಾಗದವೊಂದನ್ನು ಎತ್ತಿ, ಮೂಲೆಯಲ್ಲಿದ್ದ ಮುದ್ರಣಾಲಯದ ಹೆಸರನ್ನು ಓದಿ, ‘ಇದರ ಬ್ಲಾಕ್ ಮಾಡುತ್ತಿದ್ದವರ ಮಗ ನನಗೆ ಗೊತ್ತು, ಕಾಟನ್‌ಪೇಟೆಯಲ್ಲಿದ್ದಾರೆ, ವಿಚಾರಿಸುತ್ತೇನೆ’ ಎಂದು ಚೀಟಿಯನ್ನು ಜೇಬಿಗೆ ಹಾಕಿಕೊಂಡು ಹೋದರು. ಮಂಕಿಟಾಪ್ ಪಂಗಡ ಇನ್ನೂ ಒಪ್ಪಿಲ್ಲ. ಅವರಿಗೆ ಮನೆಯ ಚಿತ್ರವಿರುವ ಅಂಚೆ ಕಾರ್ಡ್ ಮಾಡಿಕೊಡುತ್ತೇನೆಂದು ಹೇಳಿದ್ದೇನೆ.

ಬಣ್ಣ: ಅಚ್ಚಿನ ಶಾಯಿಯ ಕಪ್ಪು, ಜೊತೆಗೆ ಅರಗಿನ ಹಳದಿ. ಚನ್ನಪಟ್ಟಣದವರು ಅರಿಸಿನದಿಂದ ತೆಗೆಯುವ ಹಳದಿ ಇದೆಯಲ್ಲ, ಅದರ ಹತ್ತಿರದ್ದು. ಪರದೆಯ ಮೇಲೆ ಸುಲಭವಾಗಿ ಸಿಕ್ಕಿತು, ಕಾಗದದ ಮೇಲೆ ಬರುತ್ತಿಲ್ಲ. ನಾಲ್ಕು ಬಣ್ಣದ ಮುದ್ರಣದಲ್ಲಿ ನಿಂಬೆಹಣ್ಣಿನ ಕಡೆಗೆ ಜಾರುತ್ತದೆ.

ತಲೆಕಟ್ಟು ಅವರಿಗೆ ಒಂದು ಪ್ರಶ್ನೆ: ಅನೇಕ್ ಫಾಂಟಿನ ಯಒತ್ತನ್ನು ನಾನು ತಿದ್ದಿ ಬಳಸಿದರೆ ಪರವಾನಗಿಯ ತೊಂದರೆ ಇದೆಯೇ?

ತಲೆಕಟ್ಟು

ಇಲ್ಲ. ಅದು ಮುಕ್ತ ಫಾಂಟ್ ಪರವಾನಗಿಯಲ್ಲಿದೆ. ಲಾಂಛನಕ್ಕಾಗಿ ಅಕ್ಷರದ ಗೆರೆಯನ್ನು ತಿದ್ದಿ ಚಿತ್ರವಾಗಿ ಬಳಸಲು ಯಾರನ್ನೂ ಕೇಳಬೇಕಿಲ್ಲ. ತಿದ್ದಿದ ಫಾಂಟ್ ಕಡತವನ್ನೇ ಹೊರಗೆ ಹಂಚುವುದಾದರೆ ಅದೇ ಪರವಾನಗಿಯಲ್ಲಿ ಹಂಚಬೇಕು, ಫಾಂಟನ್ನೇ ಪ್ರತ್ಯೇಕವಾಗಿ ಮಾರುವಂತಿಲ್ಲ. ಯಒತ್ತಿನ ಉದ್ದದ ರೂಪವನ್ನು ಫಾಂಟಿನೊಳಗೇ ಪರ್ಯಾಯ ಅಕ್ಷರವಾಗಿ ಸೇರಿಸಿಕೊಡುತ್ತೇನೆ, ಚೀಟಿ ಟೈಪಿಸುವ ಆ ಕಿರಿಯ ಸಹಾಯಕ ಗೆರೆ ಎಳೆಯುವ ಕಷ್ಟ ಪಡಬೇಕಿಲ್ಲ. ಕಡತವನ್ನು ಇಲ್ಲೇ ಹಾಕುತ್ತೇನೆ.

ಬೋರ್ಡ್ ಅಂಗಡಿ

ಮೇಡಂ, ಹಳದಿಗೆ ನಾಲ್ಕು ಬಣ್ಣದ ಮುದ್ರಣ ನಂಬಬೇಡಿ. ಟಿಕೆಟಿಗೂ ಚೀಟಿಗೂ ಸ್ಕ್ರೀನ್ ಪ್ರಿಂಟಿಂಗ್ ಮಾಡಿಸಿ, ಮದುವೆ ಕಾಗದ ಮಾಡುವವರ ಬಳಿಯೇ ಹೋಗಿ. ಅವರು ಬಣ್ಣವನ್ನು ಡಬ್ಬಿಯಲ್ಲೇ ಕಲಸಿ, ನಿಮ್ಮ ಕಣ್ಣೆದುರೇ ಕಾಗದಕ್ಕೆ ಎಳೆದು ತೋರಿಸುತ್ತಾರೆ. ಸುಲ್ತಾನ್‌ಪೇಟೆಯಲ್ಲಿ ಕೇಳಿ. ಆದರೆ ಮದುವೆ ಮುಹೂರ್ತಗಳ ಕಾಲದಲ್ಲಿ ಹೋದರೆ ನಿಮ್ಮನ್ನು ಯಾರೂ ಮಾತನಾಡಿಸುವುದಿಲ್ಲ; ಆಷಾಢದಲ್ಲಿ ಹೋಗಿ, ಕುರ್ಚಿ ಹಾಕಿ ಕೂರಿಸಿ ಕೆಲಸ ಮಾಡಿಕೊಡುತ್ತಾರೆ. ಸ್ಟೀಲ್ ಅಕ್ಷರದ ಅಳತೆ ಬಂದಾಗ ಗೋಡೆಯ ಫೋಟೋ ಕಳಿಸಿ, ಹಳೆಯ ಮನೆಯ ಗಾರೆಗೆ ಸಾಮಾನ್ಯ ಪಿನ್ನು ಹಿಡಿಯುವುದಿಲ್ಲ.